ರೋಗಪತ್ತೆ ಪರೀಕ್ಷೆಗೂ ಬೇಕು ಪೂರ್ಣ ಲೆಕ್ಕಪತ್ರ

ನೌಕರರ ಆರೋಗ್ಯ ತಪಾಸಣೆಗೆಂದು ‘ಶೇಕಡಾ 90 ನಿಖರ’ವೆನ್ನುವ ಪರೀಕ್ಷಾ ಕಿಟ್ ಕೊಳ್ಳುವ ಮುನ್ನ ಉದ್ಯಮಿಗಳು ಲೆಕ್ಕ ಕೇಳುವುದು ಒಳಿತು. ರೋಗಿ, ನಿರೋಗಿ ಇಬ್ಬರಲ್ಲೂ ಅದರ ನಿಖರತೆ ಶೇಕಡಾ 90 ಎಂದಿಟ್ಟುಕೊಳ್ಳೋಣ. 1,000 ಜನರಲ್ಲಿ 10 ಮಂದಿ ರೋಗಿಗಳಿದ್ದರೆ 9 ಮಂದಿ ಪತ್ತೆಯಾಗುತ್ತಾರೆ; ಆದರೆ 990 ನಿರೋಗಿಗಳಲ್ಲಿ 99 ಮಂದಿಗೂ ರೋಗದ ಹಣೆಪಟ್ಟಿ ಬೀಳುತ್ತದೆ. ಅರ್ಥಾತ್, 108 ಎಚ್ಚರಿಕೆಗಳಲ್ಲಿ ನಿಜವಾದುವು 9 ಮಾತ್ರ.

ಇಂತಹ ಪರೀಕ್ಷೆಗಳ ನಿಖರತೆಯನ್ನು ಅಳೆಯುವ ಅಧ್ಯಯನಗಳ ವರದಿಗಾಗಿ 2003ರಲ್ಲಿ ‘ಸ್ಟಾರ್ಡ್’ ಮಾರ್ಗಸೂಚಿ ಪ್ರಕಟವಾಯಿತು. ಅದರ 25 ಅಂಶಗಳು 2015ರಲ್ಲಿ 30ಕ್ಕೇರಿದವು. ಯಾರನ್ನು ಪರೀಕ್ಷಿಸಲಾಯಿತು, ಯಾವ ಪ್ರಮಾಣಭೂತ ಪರೀಕ್ಷೆಯೊಡನೆ ಹೋಲಿಸಲಾಯಿತು, ಅಸ್ಪಷ್ಟ ಫಲಿತಾಂಶಗಳೇನಾದುವು ಎಂಬುದನ್ನು ವರದಿ ತಿಳಿಸಬೇಕು. ಇದು ಕಿಟ್ಟಿಗೆ ನೀಡುವ ಪ್ರಮಾಣಪತ್ರವಲ್ಲ. ಲೆಕ್ಕ ಮುಚ್ಚಿಡದಿರುವ ಶಿಸ್ತು.

ನಿವ್ವಳ ಲಾಭವೊಂದನ್ನೇ ನೋಡಿ ಅಢಾವೆ ಪತ್ರಿಕೆಯನ್ನು ಒಪ್ಪದ ನಾವು, ನಿಖರತೆಯ ಒಂದೇ ಅಂಕಿಯನ್ನು ನಂಬಿ ಖರೀದಿಗೆ ಮುಂದಾಗುವುದು ಸಲ್ಲದು.