ಹೆಚ್ಚು ದೂರ, ಕಡಿಮೆ ಹೊತ್ತು

ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನ ನಡುವೆ ಎಲ್ಲೂ ಇಳಿಯದೆ 2021ರ ಜನವರಿ 11ರ ನಸುಕಿನಲ್ಲಿ ಬೆಂಗಳೂರು ಮುಟ್ಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದ ಆ ವಿಮಾನದ ಪೈಲಟ್‌ಗಳೆಲ್ಲರೂ ಮಹಿಳೆಯರು. ಎರಡು ಊರುಗಳ ನಡುವಿನ ನೇರ ದೂರ ಸುಮಾರು 14,000 ಕಿ.ಮೀ. ಗಂಟೆಗೆ 900 ಕಿ.ಮೀ. ಎಂದು ಭಾಗಿಸಿದರೆ ಹದಿನೈದೂವರೆ ಗಂಟೆ ಸಾಕು. ಹಿಡಿದದ್ದು ಸುಮಾರು 17 ಗಂಟೆ. ದೂರ ಗೊತ್ತಾದರೆ ಹೊತ್ತೂ ಗೊತ್ತಾದಂತೆ ಎಂಬ ಎಣಿಕೆ ಇಲ್ಲಿಯೇ ತಪ್ಪುತ್ತದೆ.

ತಪ್ಪು ಕಲ್ಪನೆ: ನಕಾಶೆಯ ಮೇಲಿನ ನೇರ ಗೆರೆಯೇ ಹತ್ತಿರದ ದಾರಿ.

ಸತ್ಯ: ಗೋಡೆಗೆ ತೂಗುಹಾಕಿದ ನಕಾಶೆಯಲ್ಲಿ ಈ ಎರಡು ಊರುಗಳನ್ನು ಸೇರಿಸುವ ಗೆರೆ ಅಟ್ಲಾಂಟಿಕ್ ಸಾಗರ, ಉತ್ತರ ಆಫ್ರಿಕಾಗಳನ್ನು ಹಾಯ್ದು ಬರುತ್ತದೆ. ಗೋಳದ ಮೇಲೆ ದಾರ ಬಿಗಿಹಿಡಿದು ನೋಡಿದರೆ ಅದು ಆರ್ಕ್ಟಿಕ್ ವೃತ್ತದೊಳಗೆ ಹೊಕ್ಕು ಸೈಬೀರಿಯಾದ ಮೇಲಿಂದ ಇಳಿಯುತ್ತದೆ. 2021ರ ಆ ವಿಮಾನವಂತೂ ಉತ್ತರ ಧ್ರುವದ ಮೇಲೆಯೇ ಹಾರಿತು.

ತಪ್ಪು ಕಲ್ಪನೆ: ಹತ್ತಿರದ ದಾರಿ ಹಿಡಿದರೆ ಬೇಗ ತಲುಪಬಹುದು.

ಸತ್ಯ: 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಮಾರ್ಗ ಬಿಡಿಸಿ ಪೆಸಿಫಿಕ್ ಕಡೆಯಿಂದ ಕಳಿಸಿತು. ದೂರ ಸುಮಾರು 1,400 ಕಿ.ಮೀ. ಹೆಚ್ಚಾಗಿ 15,300 ಕಿ.ಮೀ. ಆಯಿತು. ಆದರೂ ಪಯಣ ಹದಿನಾಲ್ಕೂವರೆ ಗಂಟೆಯಲ್ಲಿ ಮುಗಿಯಿತು. ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಉಳಿತಾಯ. ಹತ್ತು ಕಿ.ಮೀ. ಎತ್ತರದ ಆಸುಪಾಸಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಜೆಟ್ ಸ್ಟ್ರೀಮ್ ಈ ಬಾರಿ ಎದುರಾಗುವ ಬದಲು ಬೆನ್ನಿಗಿತ್ತು. ಹೋಗುವಾಗಿನ ಹೊತ್ತು ಬರುವಾಗ ಬದಲಾಗುವುದಕ್ಕೂ ಇದೇ ಕಾರಣ.

ಗಾಳಿಯಷ್ಟೇ ಅಲ್ಲ, ರಾಜಕೀಯವೂ ದಾರಿ ತಿರುಗಿಸುತ್ತದೆ. 2022ರಲ್ಲಿ ರಷ್ಯಾದ ವಾಯುಪ್ರದೇಶ ಮುಚ್ಚಿದಾಗ ಫಿನ್‌ಏರ್‌ನ ಹೆಲ್ಸಿಂಕಿ–ಟೋಕಿಯೊ ಹಾರಾಟ ಒಂಬತ್ತೂವರೆ ಗಂಟೆಯಿಂದ ಸುಮಾರು ಹದಿಮೂರಕ್ಕೆ ಏರಿತು.

ತಪ್ಪು ಕಲ್ಪನೆ: ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೊರಟ ವಿಮಾನದತ್ತ ಊರೇ ಸರಿದು ಬರುತ್ತದೆ.

ಸತ್ಯ: ಬೆಂಗಳೂರಿನ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿರುವುದು ನಿಜ. ಅದರ ಮೇಲಿನ ಗಾಳಿಯೂ ಜೊತೆಗೇ ಸಾಗುತ್ತಿರುತ್ತದೆ, ವಿಮಾನ ಹಾರುವುದು ಆ ಗಾಳಿಯಲ್ಲೇ.

ತಪ್ಪು ಕಲ್ಪನೆ: ಟಿಕೆಟ್‌ನಲ್ಲಿ ತಲುಪುವ ವೇಳೆಯಿಂದ ಹೊರಡುವ ವೇಳೆ ಕಳೆದರೆ ಪಯಣದ ಅವಧಿ ಸಿಗುತ್ತದೆ.

ಸತ್ಯ: ಎರಡೂ ಆಯಾ ಊರಿನ ಗಡಿಯಾರದ ವೇಳೆ. ಚಳಿಗಾಲದಲ್ಲಿ ಬೆಂಗಳೂರು ಸ್ಯಾನ್ ಫ್ರಾನ್ಸಿಸ್ಕೊಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಇಲ್ಲಿ ಮಧ್ಯಾಹ್ನ 2.30ಕ್ಕೆ ಹೊರಟು 16 ಗಂಟೆ ಹಾರಿದವರು ಅಲ್ಲಿ ಅದೇ ದಿನ ಸಂಜೆ 5ಕ್ಕೆ ಇಳಿಯುತ್ತಾರೆ. ಮಾರ್ಚ್‌ನಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟ ಮೇಲೆ ಅದೇ ಪಯಣ 6ಕ್ಕೆ ಮುಗಿಯುತ್ತದೆ. ಸಾಲದ್ದಕ್ಕೆ, ವೇಳಾಪಟ್ಟಿಯ ಅವಧಿಯಲ್ಲಿ ವಿಮಾನ ರನ್‌ವೇವರೆಗೆ ಉರುಳುವ ಹೊತ್ತೂ ಸೇರಿರುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಆಕಾಶದಲ್ಲಿ 300 ಕಿ.ಮೀ. ಇದ್ದರೂ ಟಿಕೆಟ್ ಸುಮಾರು ಒಂದು ಗಂಟೆ ತೋರಿಸುವುದು ಅದಕ್ಕೇ.