ಪೆಟ್ರೋಲಿನ ತೂಬೂ ಅದರ ನೀರುಗಂಟಿಯೂ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರಿನಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿದ ಸಂಗತಿಯು ನಮ್ಮ ವಾಚಕರಿಗೆ ತಿಳಿದುದೇ ಆಗಿದೆ. ಆ ಶಕ್ತಿಯೇ ಈಗ ನಮ್ಮ ಮನೆಯಂಗಳದ ಮೋಟಾರು ಸೈಕಲ್ಲಿನೊಳಗೆ ಹೊಕ್ಕು ಪೆಟ್ರೋಲನ್ನು ಅಳೆದುಕೊಡುತ್ತಿರುವುದನ್ನು ಬಲ್ಲವರು ಕೆಲವರೇ.

2020ನೆಯ ಇಸವಿ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ಹೊಗೆಯ ನಿಯಮವು ಜಾರಿಗೆ ಬಂದು, ಹೊಸ ದ್ವಿಚಕ್ರವಾಹನಗಳಲ್ಲಿ ಕಾರ್ಬ್ಯುರೇಟರು ಬಹುಮಟ್ಟಿಗೆ ಮರೆಯಾಯಿತು. ಅದರ ಸ್ಥಾನಕ್ಕೆ ಇಂಜೆಕ್ಟರು ಬಂದಿತು. ಮದ್ದೂರಿನಲ್ಲಿ ರಿಪೇರಿ ಅಂಗಡಿಯನ್ನಿಟ್ಟಿರುವ ನಮ್ಮ ಹಳೆಯ ಶಿಷ್ಯನೊಬ್ಬನು ಒಂದು ದಿನ ಬಂದು, “ಮೇಷ್ಟ್ರೇ, ಇಪ್ಪತ್ತು ವರ್ಷದ ಕಸುಬು ಕೈಬಿಟ್ಟು ಹೋಗ್ತಾ ಇದೆ. ಇಂಜೆಕ್ಟರಿನ ಗಾಡಿ ಬಂದರೆ ಬೇರೆ ಕಡೆಗೆ ಕಳಿಸಬೇಕಾಗಿದೆ” ಎಂದು ಖೇದಪಟ್ಟನು. ಇಂಜೆಕ್ಟರನ್ನು ಮೇಜಿನ ಮೇಲೆಯೇ ನಡೆಸಿ ಪರೀಕ್ಷಿಸುವ ಸರ್ಕೀಟೊಂದನ್ನು ತಾನೇ ಕಟ್ಟಬೇಕೆಂಬುದು ಅವನ ಹಟ.

ಇಂಜೆಕ್ಟರೆಂದರೆ ಒಂದು ಪುಟ್ಟ ತೂಬು. ಅದರೊಳಗಿನ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದರೆ ಅದು ಅಯಸ್ಕಾಂತವಾಗಿ ಸೂಜಿಯನ್ನೆತ್ತುವುದು. ವಿದ್ಯುತ್ತು ನಿಂತರೆ ಸ್ಪ್ರಿಂಗು ಅದನ್ನು ಮುಚ್ಚುವುದು. ಎಂಜಿನು ನಿಧಾನವಾಗಿ ನಡೆಯುವಾಗ ಈ ತೂಬು ಪ್ರತಿಸಾರಿಯೂ ತೆರೆದಿರುವ ಕಾಲವು ಸೆಕೆಂಡಿನ ಸಾವಿರದಲ್ಲಿ ಎರಡು ಮೂರು ಭಾಗ ಮಾತ್ರ. ಛಂದಸ್ಸಿನಲ್ಲಿ ಮಾತ್ರೆಯೆಂದರೆ ಕಾಲ, ವೈದ್ಯದಲ್ಲಿ ಪ್ರಮಾಣ. ಇಲ್ಲಿ ಎರಡೂ ಒಂದೇ. ಈ ತೂಬಿನ ನೀರುಗಂಟಿಯೇ ಟ್ರಾನ್ಸಿಸ್ಟರು.

ಸುರುಳಿಯ ತಡೆ 12 ಓಮ್ ಇದ್ದರೆ 12 ವೋಲ್ಟಿನ ಬ್ಯಾಟರಿಯಿಂದ 1 ಆಂಪಿಯರು ಹರಿಯುವುದು, ಅಪಾಯವಿಲ್ಲ. 2 ಅಥವಾ 3 ಓಮಿನ ಸುರುಳಿಯಾದರೆ ಮೊದಲು 4 ಆಂಪಿಯರಿನಿಂದ ಸೂಜಿಯನ್ನೆತ್ತಿ, ಬಳಿಕ 1 ಆಂಪಿಯರಿನಿಂದ ಹಿಡಿದಿರಬೇಕು. ಹಲಗೆಯನ್ನೆತ್ತುವಾಗಿನ ಬಲವು ಹಿಡಿದು ನಿಲ್ಲಿಸುವುದಕ್ಕೆ ಬೇಡವಷ್ಟೆ.

ಶಿಷ್ಯನದು 12 ಓಮಿನದು. ಮಂಡ್ಯದಿಂದ ಸಾಮಾನು ತಂದು ಮೊದಲ ಸರ್ಕೀಟನ್ನು ಕಟ್ಟಿದನು, ಟ್ರಾನ್ಸಿಸ್ಟರು ಸುಟ್ಟುಹೋಯಿತು. ಓಡುವ ಕಬ್ಬಿನ ಗಾಡಿಯನ್ನು ಥಟ್ಟನೆ ನಿಲ್ಲಿಸಿದರೆ ಹೇರು ಮುನ್ನುಗ್ಗುವಂತೆ, ವಿದ್ಯುತ್ತನ್ನು ಥಟ್ಟನೆ ಕಡಿದರೆ ಸುರುಳಿಯು ಅಧಿಕ ವೋಲ್ಟನ್ನು ಹೊಮ್ಮಿಸುವುದು. ಎರಡನೆಯದರಲ್ಲಿ ಸುರುಳಿಗೆ ಅಡ್ಡವಾಗಿ ಡಯೋಡನ್ನಿಟ್ಟನು. ಟ್ರಾನ್ಸಿಸ್ಟರು ಉಳಿಯಿತು, ಆದರೆ ವಿದ್ಯುತ್ತು ಸುತ್ತುತ್ತಲೇ ಮೆಲ್ಲನೆ ಕುಗ್ಗಿದುದರಿಂದ ತೂಬು ತಡವಾಗಿ ಮುಚ್ಚಿ, ಅಳತೆಯ ಕೊಳವೆಗೆ ದ್ರವವು ಹೆಚ್ಚಾಗಿ ಬಿದ್ದಿತು. ಮೂರನೆಯದರಲ್ಲಿ ಆ ಡಯೋಡನ್ನು ತೆಗೆದು, 60 ವೋಲ್ಟು ತಾಳುವ ಟ್ರಾನ್ಸಿಸ್ಟರಿಗೆ 40 ವೋಲ್ಟಿನ ಝೀನರ್ ಡಯೋಡನ್ನು ಕಾವಲಿಟ್ಟನು. ರಕ್ಷಣೆಯೂ ಆಯಿತು, ವಿದ್ಯುತ್ತು ಬೇಗನೆ ಕುಗ್ಗಿ ಅಳತೆಯೂ ಸರಿಹೋಯಿತು.

ಮೊನ್ನೆ ಮಳವಳ್ಳಿಯ ಕಡೆಯ ರೈತರೊಬ್ಬರು, ಬೇರೆಡೆ ಹೊಸ ಇಂಜೆಕ್ಟರನ್ನೇ ಹಾಕಿಸಬೇಕೆಂದರೆಂದು ಚಿಂತಿಸುತ್ತ ಬಂದರಂತೆ. ಪರೀಕ್ಷಿಸಿ ನೋಡಲು ಕಸ ಕಟ್ಟಿದ್ದಿತು, ಅಷ್ಟೆ; ತೊಳೆದ ಮೇಲೆ ಗಾಡಿ ನಡೆಯಿತು.

ಗೃಹಸ್ಥರು ಇದನ್ನು ಮನೆಯಲ್ಲಿ ಮಾಡಹೊರಡಬಾರದು. ಪೆಟ್ರೋಲಿನ ತುಂತುರಿಗೆ ಒಂದು ಕಿಡಿ ಸಾಕು. ಆದರೆ ಹೊಸದನ್ನು ಕೊಳ್ಳುವ ಮುನ್ನ, “ಪರೀಕ್ಷಿಸಿ ನೋಡಿದಿರಾ?” ಎಂದು ಕೇಳಬಹುದು. ಆ ಶಿಷ್ಯನಿಗೆ ನಾವು ಕಲಿಸಿದುದು ಮಗ್ಗಿಯನ್ನು. ಎರಡು ಸಾರಿ ತಪ್ಪಿದರೂ ಮೂರನೆಯ ಸಾರಿ ಕುಳಿತುಕೊಳ್ಳಬೇಕೆಂಬುದನ್ನು ಅವನೇ ನಮಗೆ ಕಲಿಸಿದನು.