ಆಕ್ಸಲಾಟಲ್ ಪ್ರಾಣಿಯೂ ನೀರಿನ ಉಷ್ಣಮಾನವೂ

ಮೆಕ್ಸಿಕೊ ರಾಜಧಾನಿಯ ದಕ್ಷಿಣಭಾಗದಲ್ಲಿ ಸೊಚಿಮಿಲ್ಕೊ ಎಂಬ ಸರೋವರಪ್ರದೇಶವುಂಟು. ಸಮುದ್ರಮಟ್ಟದಿಂದ ಸುಮಾರು 2,240 ಮೀಟರು ಎತ್ತರದ ಈ ತಾಣವೇ ಆಕ್ಸಲಾಟಲ್ ಎಂಬ ಉಭಯಜೀವಿಯ ನೆಲೆ. ಹೆಸರು ನಹ್ವಾತಲ್ ಭಾಷೆಯದು. ‘ಅಟ್ಲ್’ ಎಂದರೆ ನೀರು, ‘ಷೊಲೊಟ್ಲ್’ ಎಂಬುದು ಒಬ್ಬ ದೇವತೆಯ ನಾಮ. ಮರಣಕ್ಕಂಜಿ ಓಡಿದ ಆ ದೇವತೆ ಮೊದಲು ಮೆಕ್ಕೆಜೋಳದ ಗಿಡವಾಗಿ, ಬಳಿಕ ಕತ್ತಾಳೆಯಾಗಿ, ಕಡೆಗೆ ನೀರಿನಲ್ಲಿ ಈ ಪ್ರಾಣಿಯಾಗಿ ಅಡಗಿ, ಅಲ್ಲಿಯೂ ಸಿಕ್ಕಿಬಿದ್ದು ಹತನಾದನೆಂದು ಐತಿಹ್ಯ.

ಕಪ್ಪೆಯ ಮರಿಯು ಕಿವಿರುಗಳನ್ನು ನೀಗಿ ದಡಕ್ಕೇರುತ್ತದೆ. ಆಕ್ಸಲಾಟಲ್ ಸಾಮಾನ್ಯವಾಗಿ ಏರುವುದಿಲ್ಲ. ತಲೆಯ ಇಕ್ಕೆಲಗಳಲ್ಲಿ ಮೂರು ಮೂರು ಗರಿಯಂಥ ಕಿವಿರುಗಳನ್ನು ಹೊತ್ತು, ಬಾಲ್ಯರೂಪದಲ್ಲಿಯೇ ಪ್ರೌಢವಾಗಿ, ನೀರಿನಲ್ಲಿಯೇ ಆಯುಷ್ಯವನ್ನು ಕಳೆಯುತ್ತದೆ. 1864ರಲ್ಲಿ ಪ್ಯಾರಿಸಿಗೆ ತಂದ ಪ್ರಾಣಿಗಳಲ್ಲಿ ಕೆಲವು ಆಗುಸ್ಟ್ ದ್ಯುಮೆರಿಲ್ ಎಂಬ ಪ್ರಾಣಿಶಾಸ್ತ್ರಜ್ಞರಿಗೆ ದೊರೆತವು. ಅವುಗಳ ಸಂತತಿಯು ಯುರೋಪಿನ ಪ್ರಯೋಗಶಾಲೆಗಳಿಗೆ ಹರಡಿತು. ಈಗ ಮನೆಗಳ ಗಾಜಿನ ತೊಟ್ಟಿಗಳಲ್ಲಿಯೂ ಈ ಪ್ರಾಣಿಯನ್ನು ಸಾಕುವರು.

ಸಾಕುವವರು ಮೊದಲು ಅರಿಯಬೇಕಾದುದು ನೀರಿನ ಉಷ್ಣಮಾನ. 16ರಿಂದ 18 ಡಿಗ್ರಿ ಸೆಂಟಿಗ್ರೇಡ್ ಉತ್ತಮ. 20 ಡಿಗ್ರಿಯವರೆಗೆ ಸಹ್ಯ. 24 ಡಿಗ್ರಿಯನ್ನು ಮೀರಿ ಕೆಲವು ದಿನ ನಿಂತರೆ ರೋಗಕ್ಕೂ ಮರಣಕ್ಕೂ ಕಾರಣ. 10 ಡಿಗ್ರಿಗಿಂತ ಕೆಳಗೆ ಜೀರ್ಣಶಕ್ತಿಯು ಕುಂದಿ ಪ್ರಾಣಿಯು ಜಡವಾಗುವುದು.

ಇದರ ಕಾರಣವು ಎರಡು ವಿರುದ್ಧ ಗತಿಗಳಲ್ಲಿದೆ. ಶೀತರಕ್ತದ ಪ್ರಾಣಿಯಾದುದರಿಂದ ನೀರು ಬಿಸಿಯಾದಂತೆ ಅದರ ದೇಹವ್ಯಾಪಾರವು ತೀವ್ರವಾಗಿ ಆಮ್ಲಜನಕದ ಅಗತ್ಯವು ಹೆಚ್ಚುತ್ತದೆ. ನೀರಾದರೋ ಬಿಸಿಯಾದಂತೆ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಸಮುದ್ರಮಟ್ಟದಲ್ಲಿ ಒಂದು ಲೀಟರು ಸಿಹಿನೀರು 10 ಡಿಗ್ರಿಯಲ್ಲಿ ಸುಮಾರು 11.3 ಮಿಲಿಗ್ರಾಂ, 20ರಲ್ಲಿ 9.1, 30ರಲ್ಲಿ 7.6 ಮಿಲಿಗ್ರಾಂ ಆಮ್ಲಜನಕವನ್ನು ಮಾತ್ರ ಧರಿಸಬಲ್ಲದು. ಬೇಡಿಕೆ ಏರಿದಾಗಲೇ ಪೂರೈಕೆ ಇಳಿಯುವುದು. ಇದರೊಡನೆ ಬೂಷ್ಟು, ಸೂಕ್ಷ್ಮಜೀವಿಗಳು ಪ್ರಬಲಿಸುವುವು; ತ್ಯಾಜ್ಯದಿಂದ ಹುಟ್ಟುವ ಅಮೋನಿಯವೂ ಹೆಚ್ಚು ವಿಷಕರವಾಗುವುದು.

ಮೂಕಪ್ರಾಣಿಯ ಸಂಕಟವನ್ನು ಲಕ್ಷಣಗಳಿಂದಲೇ ತಿಳಿಯಬೇಕು: ಆಹಾರವನ್ನು ಒಲ್ಲದಿರುವುದು, ಕಿವಿರುಗಳು ಮುಂದಕ್ಕೆ ಬಾಗುವುದು, ಮೈಮೇಲೆ ಹತ್ತಿಯಂಥ ಬೂಷ್ಟು ಕಾಣುವುದು. ತೊಟ್ಟಿಯನ್ನು ಬಿಸಿಲಿನಿಂದ ದೂರವಿರಿಸಿ, ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಬೀಸಣಿಗೆಯ ಯಂತ್ರವನ್ನಿಡುವುದು ಸುಲಭೋಪಾಯ. ಬೇಸಗೆ ಕಠಿನವಾದ ಕಡೆ ನೀರನ್ನು ತಂಪಾಗಿಸುವ ಯಂತ್ರವೇ ಬೇಕು. ಮಂಜುಗಡ್ಡೆಯನ್ನು ಸುರಿದು ಒಮ್ಮೆಲೇ ತಂಪುಮಾಡುವುದು ಇನ್ನೊಂದು ಆಘಾತ. ಮಾರ್ಪಾಡು ಮೆಲ್ಲಮೆಲ್ಲನೆ ಆಗತಕ್ಕದ್ದು.

ಈ ಎಚ್ಚರವು ಕೇವಲ ವಿನೋದದ ವಿಷಯವಲ್ಲ. ಸೊಚಿಮಿಲ್ಕೊವಿನ ತಂಪು ಬುಗ್ಗೆಗಳ ನೀರನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಗರಕ್ಕೆ ಸಾಗಿಸಿದರು, ಕಾಲುವೆಗಳು ಮಲಿನವಾದವು, ಹೊರಗಿನ ಮೀನುಗಳು ಸೇರಿದವು. 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಎಂದು ಎಣಿಸಿದ್ದ ಪ್ರಾಣಿಗಳು 2014ರಲ್ಲಿ ಸುಮಾರು 36ಕ್ಕೆ ಇಳಿದಿದ್ದವು. ತೊಟ್ಟಿಯ ತಂಪು ಆ ಕಾಲುವೆಗಳನ್ನು ಮರಳಿ ತರಲಾರದು. ಆದರೆ ಇದರ ಕಿವಿರುಗಳು ಇಂದಿಗೂ ಆ ಎತ್ತರದ ತಂಪು ನೀರಿಗೆ ತಕ್ಕವು. ದಡಕ್ಕೇರಿ ಬದುಕಿಕೊಳ್ಳಲಾರದ ಪ್ರಾಣಿಗೆ ಆ ನೀರನ್ನು ಒದಗಿಸುವ ಹೊಣೆ ಸಾಕುವವನದೇ.